ಐದು ಬಾಕ್ಸೂ ಬಾಯಿಪಾಠ ಆಗಿದೆ, ಸೋಲೋ ಮಾತ್ರ ಹುಟ್ತಿಲ್ಲ

ಆರುತಂತಿ:

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಗಿಟಾರ್ ಹಿಡಿದು ನಾಲ್ಕು ವರ್ಷ ಆಯ್ತು. ಕಾರ್ಡ್‌ಗಳು ಸಲೀಸಾಗಿ ಬರುತ್ತವೆ. ಯಾರಾದ್ರೂ ಹಾಡಿದ್ರೆ ಜೊತೆಗೆ ನುಡಿಸೋಕೆ ಏನೂ ತೊಂದರೆ ಇಲ್ಲ. ಎರಡು ವರ್ಷದ ಹಿಂದೆ ಸೋಲೋ ಕಲೀಬೇಕು ಅಂತ ಎ ಮೈನರ್ ಪೆಂಟಟಾನಿಕ್ ಅನ್ನೋ ಐದು ಸ್ವರದ ಸ್ಕೇಲ್ ಶುರು ಮಾಡ್ದೆ. ಆ ಸ್ವರಗಳು ಗಿಟಾರ್ ಕತ್ತಿನ ಮೇಲೆ, ಫ್ರೆಟ್ ಅನ್ನೋ ಲೋಹದ ಪಟ್ಟಿಗಳ ನಡುವೆ, ಐದು ಗುಂಪಾಗಿ ಕೂರುತ್ತವೆ, ಒಂದೊಂದಕ್ಕೂ ಬಾಕ್ಸ್ ಅಂತಾರೆ. 5ನೇ ಫ್ರೆಟ್‌ನ ಮೊದಲನೇ ಬಾಕ್ಸ್ ಈಗ ಕಣ್ಮುಚ್ಚಿಕೊಂಡು ಬರುತ್ತೆ. ಉಳಿದ ನಾಲ್ಕನ್ನೂ ಕಲಿತೆ. ಮೆಟ್ರೊನೋಮ್ ಇಟ್ಕೊಂಡು ನಿಮಿಷಕ್ಕೆ 60 ಬೀಟ್‌ನಿಂದ 120ರವರೆಗೂ ಏರಿಸಿದ್ದೀನಿ.

ಹೋದ ತಿಂಗಳು ಗೆಳೆಯನ ಮನೆ ಟೆರೇಸ್ ಮೇಲೆ ನಾಲ್ಕೈದು ಜನ ಸೇರಿದ್ವಿ. ಒಬ್ಬ ಎ ಮೈನರ್, ಎಫ್, ಸಿ, ಜಿ ಅಂತ ನಾಲ್ಕು ಕಾರ್ಡ್ ಸುತ್ತಿಸ್ತಾ ಇದ್ದ. ಹಾಡು ಮುಗಿಯೋ ಹೊತ್ತಿಗೆ ನನ್ನ ಕಡೆ ತಿರುಗಿ "ಈಗ ನೀನು ನುಡಿಸು" ಅಂದ. ನುಡಿಸಿದೆ. ಒಂದೂ ತಪ್ಪು ಸ್ವರ ಬರಲಿಲ್ಲ. ಆದ್ರೆ ಸ್ಕೇಲ್ ಹತ್ತಿ ಇಳಿದ ಹಾಗಿತ್ತು, ಅಷ್ಟೇ. ಎಲ್ಲಿ ಶುರು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಹೊಳೀಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಆದ್ರೆ ಮನೆಗೆ ಬಂದು ತುಂಬ ಹೊತ್ತು ಅದೇ ಯೋಚನೆ.

ಎರಡು ವರ್ಷ ಕಲಿತದ್ದೇ ತಪ್ಪಾ? ಈಗ ಇನ್ನೂ ಹೊಸ ಸ್ಕೇಲ್ ಕಲೀಬೇಕಾ? ಅಕೌಸ್ಟಿಕ್ ಗಿಟಾರ್ ಇರೋದು, ಎಲೆಕ್ಟ್ರಿಕ್ ಇಲ್ಲ.

ಕೊಡಿಯಾಲ್_ಕಾಯರ್:

ನನ್ನದೂ ಇದೇ ಕಥೆ ಮಾರಾಯ್ರೇ. ಹದಿನೈದು ವರ್ಷದಿಂದ ಚರ್ಚಿನ ಕಾಯರ್‌ಗೆ ಗಿಟಾರ್ ನುಡಿಸುತ್ತಾ ಇದ್ದೇನೆ. ಕಾರ್ಡ್ ಯಾವುದು ಕೊಟ್ಟರೂ ಆಗ್ತದೆ. ಸೋಲೋ ಎಂದರೆ ಕೈ ನಿಲ್ಲುತ್ತದೆ. ಯಾರಾದರೂ ಅನುಭವಸ್ಥರು ಬರೆಯಲಿ, ನಾನೂ ಕಾಯ್ತಾ ಇದ್ದೇನೆ.

ಬಸವನಗುಡಿ_ಬ್ಲೂಸ್:

ಆರುತಂತಿ ಅವರೇ, ಕಲಿತದ್ದು ಯಾವುದೂ ತಪ್ಪಲ್ಲ. ನಿಮ್ಮ ಬೆರಳಿಗೆ ಊರಿನ ಬೀದಿಗಳೆಲ್ಲ ಗೊತ್ತು. ಯಾರ ಮನೆಗೆ ಹೋಗಬೇಕು ಅನ್ನೋದು ಕಿವಿಗೆ ಇನ್ನೂ ಗೊತ್ತಾಗಿಲ್ಲ. ಹೊಸ ಸ್ಕೇಲ್ ದಯವಿಟ್ಟು ಸದ್ಯಕ್ಕೆ ಬೇಡ.

ಒಂದು ಕೆಲಸ ಹೇಳ್ತೀನಿ. ಇವತ್ತೇ ಮಾಡಿ, ಹತ್ತು ನಿಮಿಷ ಸಾಕು. ಅದೇ ನಾಲ್ಕು ಕಾರ್ಡ್‌ಗಳನ್ನು, ಎ ಮೈನರ್, ಎಫ್, ಸಿ, ಜಿ, ನಿಧಾನಕ್ಕೆ, ನಿಮಿಷಕ್ಕೆ 70ರ ಲಯದಲ್ಲಿ ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಒಂದೊಂದು ಕಾರ್ಡ್‌ಗೆ ಒಂದೊಂದು ಬಾರ್, ನಾಲ್ಕು ಎಣಿಕೆ. ಐದು ನಿಮಿಷ ಸುತ್ತಿಸಿ. ಈಗ ಅದನ್ನು ಹಾಕಿ, ಅದರ ಮೇಲೆ ಒಂದೇ ಒಂದು ಸ್ವರ ನುಡಿಸಿ: 3ನೇ ತಂತಿ (ತೆಳು ತಂತಿಯಿಂದ ಎಣಿಸಿ), 5ನೇ ಫ್ರೆಟ್. ಅದು ಸಿ. ಪ್ರತಿ ಬಾರ್‌ನ ಮೊದಲ ಎಣಿಕೆಗೆ ಒಂದು ಸಲ ಮೀಟಿ, ಪೂರ್ತಿ ಕೇಳಿ, ಬೇರೇನೂ ಮಾಡಬೇಡಿ.

ಎ ಮೈನರ್ ಮೇಲೆ ಅದೇ ಸ್ವರ ಸ್ವಲ್ಪ ಕರುಣೆಯಿಂದ ಕೇಳುತ್ತೆ, ಯಾಕಂದ್ರೆ ಆ ಕಾರ್ಡ್‌ಗೆ ಸಿ ಮೂರನೇ ಸ್ವರ, ಅದು ಮೈನರ್ ಅಂತ ಹೇಳೋದೇ ಈ ಸ್ವರ. ಎಫ್ ಬಂದಾಗ ಅದೇ ಸಿ ಐದನೇ ಸ್ವರ ಆಗುತ್ತೆ, ಗಟ್ಟಿಯಾಗಿ ನಿಲ್ಲುತ್ತೆ. ಸಿ ಕಾರ್ಡ್‌ಗೆ ಬಂದಾಗ ಅದು ಸ್ವಂತ ಮನೆ. ಆಮೇಲೆ ಜಿ ಬರುತ್ತೆ. ಅಲ್ಲಿ ನೋಡಿ, ಅದೇ ಸ್ವರ, ಅದೇ ಬೆರಳು, ಆದ್ರೆ ನೆಮ್ಮದಿ ಹೋಗುತ್ತೆ. ಜಿ ಕಾರ್ಡ್‌ನಲ್ಲಿ ಇರೋದು ಜಿ, ಬಿ, ಡಿ. ಸಿ ಅಲ್ಲಿ ನಾಲ್ಕನೇ ಸ್ವರ, ಬಿ ಪಕ್ಕದಲ್ಲೇ ತೂಗ್ತಾ ನಿಂತಿರುತ್ತೆ. ಆಗ ಒಂದು ಫ್ರೆಟ್ ಕೆಳಗೆ, 4ನೇ ಫ್ರೆಟ್‌ಗೆ ಇಳಿದು ನೋಡಿ. ಇಳಿದ ತಕ್ಷಣ ನಿಮ್ಮ ಉಸಿರು ಬಿಡುತ್ತೆ, ನಾನು ಖಂಡಿತ ಹೇಳ್ತೀನಿ.

ಆ ಬಿ ನಿಮ್ಮ ಐದು ಬಾಕ್ಸ್‌ನಲ್ಲಿ ಎಲ್ಲೂ ಇಲ್ಲ. ಎ ಮೈನರ್ ಪೆಂಟಟಾನಿಕ್ ಅಂದ್ರೆ ಎ, ಸಿ, ಡಿ, ಇ, ಜಿ. ಬಿ ಇಲ್ಲ, ಎಫ್ ಇಲ್ಲ. ಅವೆರಡೂ ಇಲ್ಲದ್ದಕ್ಕೇ ಎಲ್ಲಿ ಬೆರಳಿಟ್ಟರೂ ಕರ್ಕಶ ಅನ್ನಿಸಲ್ಲ. ಅದೇ ಅದರ ಅನುಕೂಲ, ನಿಮಗೆ ತೊಂದರೆ ಆಗಿದ್ದೂ ಅದರಿಂದಲೇ. ಯಾವ ಸ್ವರ ಹಿಡಿದರೂ ನಡೆಯುತ್ತೆ ಅಂದಾಗ ಕಿವಿ ಆರಿಸೋದನ್ನೇ ಬಿಟ್ಟುಬಿಡುತ್ತೆ.

ಆರುತಂತಿ:

ಸಾರ್, ಈಗಷ್ಟೇ ಮಾಡಿ ನೋಡ್ದೆ. ಜಿ ಮೇಲೆ 5ರಿಂದ 4ಕ್ಕೆ ಇಳಿದಾಗ ನಿಜವಾಗಿಯೂ ಮೈ ಜುಮ್ ಅಂತು. ಎರಡು ವರ್ಷದಲ್ಲಿ ಒಂದು ಸಲವೂ ಕೆಳಗೆ ಯಾವ ಕಾರ್ಡ್ ಓಡ್ತಿದೆ ಅಂತ ಕಿವಿಗೊಟ್ಟು ಕೇಳಿರಲಿಲ್ಲ ನಾನು. ಎಲ್ಲ ಎ ಮೈನರ್ ಅಂತಲೇ ಅಂದ್ಕೊಂಡಿದ್ದೆ. ಬೇರೆ ಕಾರ್ಡ್‌ಗಳಿಗೆ ಯಾವ ಸ್ವರ ಇಳಿಯೋಕೆ ಒಳ್ಳೇದು?

ಬಸವನಗುಡಿ_ಬ್ಲೂಸ್:

ಪಟ್ಟಿ ಕೊಡಬಹುದು, ಆದ್ರೆ ನೀವೇ ಹುಡುಕಿದ್ರೆ ಮರೆಯಲ್ಲ. ಇಷ್ಟು ಹಿಡ್ಕೊಳ್ಳಿ. ಎ ಮೈನರ್ ಅಂದ್ರೆ ಎ, ಸಿ, ಇ. ಎಫ್ ಅಂದ್ರೆ ಎಫ್, ಎ, ಸಿ. ಸಿ ಕಾರ್ಡ್ ಅಂದ್ರೆ ಸಿ, ಇ, ಜಿ. ಜಿ ಅಂದ್ರೆ ಜಿ, ಬಿ, ಡಿ. ಮೊದಲನೇ ಬಾಕ್ಸ್ ಒಳಗೇ ಒಂದು ದಾರಿ: 4ನೇ ತಂತಿ 7ರ ಎ ಇಂದ ಶುರು, ಎಫ್ ಬಂದಾಗ 3ನೇ ತಂತಿ 5ರ ಸಿ, ಸಿ ಕಾರ್ಡ್ ಬಂದಾಗ 2ನೇ ತಂತಿ 5ರ ಇ, ಜಿ ಬಂದಾಗ 3ನೇ ತಂತಿ 7ರ ಡಿ. ಬಾರ್‌ಗೆ ಒಂದೇ ಸ್ವರ. ಇದೇ ಒಂದು ರಾಗದ ಎಲುಬು ಆಯ್ತು. ಮೂರು ದಿನ ಇಷ್ಟೇ ನುಡಿಸಿ. ಆಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗೋ ದಾರಿಯಲ್ಲಿ ಒಂದೆರಡು ಸ್ವರ ಸೇರಿಸಿ.

ಕೊಡಿಯಾಲ್_ಕಾಯರ್:

ಅಬ್ಬ, ಇದು ನನಗೆ ಬೇರೆ ಕಡೆಯಿಂದ ಅರ್ಥ ಆಯಿತು. ನಮ್ಮ ಕಾಯರ್‌ನಲ್ಲಿ ನಾಲ್ಕು ಧ್ವನಿ: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಸೊಪ್ರಾನೊದವರು ಮಟ್ಟು ಹಾಡುತ್ತಾರೆ, ಬಾಸ್‌ನವರು ದೂರ ದೂರ ಹಾರುತ್ತಾರೆ. ಆಲ್ಟೊದವರು ಹೆಚ್ಚು ಅಲುಗಾಡುವುದೇ ಇಲ್ಲ. ಕಾರ್ಡ್ ಬದಲಾದರೂ ಅದೇ ಸ್ವರದಲ್ಲಿ ನಿಂತು, ತೀರಾ ಬೇಕಾದಾಗ ಮಾತ್ರ ಒಂದು ಮೆಟ್ಟಿಲು ಹತ್ತುವುದು ಇಳಿಯುವುದು. ಆಲ್ಟೊ ಸಾಲು ಒಂದನ್ನೇ ಕೇಳಿದರೆ ಬೋರು ಅನಿಸುವುದುಂಟು, ಆದರೆ ಹಾಡಿನ ಜೀವ ಅಲ್ಲೇ ಇರುವುದು. ನೀವು ಹೇಳಿದ ಸಿ, ಸಿ, ಸಿ, ಬಿ ಎಂಬುದು ಪಕ್ಕಾ ಆಲ್ಟೊ ಸಾಲು. ಇವತ್ತು ರಾತ್ರಿ ಹಳೆ ಕಾಯರ್ ಪುಸ್ತಕ ತೆಗೆದು ಆಲ್ಟೊ ಸಾಲುಗಳನ್ನು ಗಿಟಾರಿನಲ್ಲಿ ನುಡಿಸಿ ನೋಡುತ್ತೇನೆ.

ವೀಣಾಭ್ಯಾಸಿ:

ಈ ಚರ್ಚೆ ಓದಿ ತುಂಬಾ ಖುಷಿಯಾಯಿತು. ನಾನು ಮೈಸೂರಿನವಳು, ಹನ್ನೆರಡು ವರ್ಷ ವೀಣೆ ಕಲಿತು ಆಮೇಲೆ ಗಿಟಾರ್‌ಗೆ ಬಂದೆ. ಆರುತಂತಿಯವರು ಹೇಳಿದ ಕಷ್ಟಕ್ಕೆ ನಮ್ಮ ಪಾಠಕ್ರಮದಲ್ಲಿ ಒಂದು ಉತ್ತರ ಇದೆ.

ನಾವೆಲ್ಲ ಮೊದಲು ಕಲಿಯೋದು ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ. ಆದರೆ ಸರಳೆ ಬಂದವರನ್ನು ಯಾರೂ ಆಲಾಪನೆ ಮಾಡಿ ಅನ್ನೋದಿಲ್ಲ. ನಡುವೆ ಗೀತೆ, ಸ್ವರಜತಿ, ವರ್ಣ, ಕೃತಿ ಎಲ್ಲ ಬರುತ್ತೆ. ಆಗ ರಾಗದ ಪದಪ್ರಯೋಗಗಳು ಕೈಗೆ ಕೂಡುತ್ತವೆ. ಆಮೇಲೆ ಸ್ವಂತ ಕಲ್ಪನೆಯಿಂದ ಹಾಡುವ ಕಲ್ಪನಾಸ್ವರ, ನೆರವಲ್, ಆಲಾಪನೆ. ನೀವು ಸರಳೆಯಿಂದ ನೇರವಾಗಿ ಆಲಾಪನೆಗೆ ಹಾರೋಕೆ ಹೋಗಿದ್ದೀರಿ, ನಡುವಿನ ಮೆಟ್ಟಿಲು ಬಿಟ್ಟುಹೋಗಿದೆ. ನಿಮಗೆ ಪ್ರಿಯವಾದ ಐದು ಸೋಲೋಗಳನ್ನು ಕೇಳಿ ಕೇಳಿ, ಟ್ಯಾಬ್ (ತಂತಿ, ಫ್ರೆಟ್ ಬರೆದ ಹಾಳೆ) ನೋಡದೆ ಕೈಗೆ ತಂದುಕೊಳ್ಳಿ. ಪೂರ್ತಿ ಬೇಡ, ಎರಡೆರಡು ಸಾಲು ಸಾಕು. ಅದೇ ನಿಮ್ಮ ಗೀತೆ, ವರ್ಣ.

ಕಲ್ಪನಾಸ್ವರ ಹೇಳಿಕೊಡುವಾಗ ನಮ್ಮ ಗುರುಗಳು ಮೊದಲು ಎಡುಪ್ಪಿಗೆ, ಅಂದರೆ ತಾಳದಲ್ಲಿ ಸಾಹಿತ್ಯ ಎತ್ತುವ ಜಾಗಕ್ಕೆ, ಬಂದು ಸೇರುವ ನಾಲ್ಕು ಸ್ವರ ಮಾತ್ರ ಹಾಡಿಸುತ್ತಿದ್ದರು. ಸಾಹಿತ್ಯ ಎತ್ತುವ ಸ್ವರದ ಹತ್ತಿರ ಬಂದು ನಿಲ್ಲೋದು ಕಲಿತ ಮೇಲೆ ಎಂಟು ಅಕ್ಷರ, ಆಮೇಲೆ ಒಂದು ಆವರ್ತ. ಅಂದರೆ ಮನೋಧರ್ಮ ಕಲಿಸೋದು ಕೊನೆಯಿಂದ ಹಿಂದಕ್ಕೆ! ಎಲ್ಲಿ ಇಳೀಬೇಕು ಅಂತ ಗೊತ್ತಿದ್ದರೆ ಎಲ್ಲಿಂದ ಹೊರಟರೂ ದಾರಿ ಸಿಗುತ್ತೆ. ಬಸವನಗುಡಿಯವರು ಹೇಳಿದ್ದೂ ಇದೇ ಅಂತ ನನಗನ್ನಿಸಿತು.

ಇನ್ನೊಂದು ವಿಷಯ ಹೇಳದೆ ಇರೋಕಾಗ್ತಿಲ್ಲ. ಆ ಐದು ಬಾಕ್ಸ್‌ಗಳಲ್ಲಿ ಗ್ರಹಭೇದ ಅಡಗಿದೆ, ಅಂದರೆ ಅದೇ ಸ್ವರಗಳಲ್ಲಿ ಷಡ್ಜ ಬದಲಿಸಿದರೆ ಬೇರೆ ರಾಗದ ಸ್ವರಗಳು ಸಿಗುತ್ತವೆ. ಎ ಷಡ್ಜ ಅಂತ ಹಿಡಿದರೆ ಎ, ಸಿ, ಡಿ, ಇ, ಜಿ ಅನ್ನೋದು ಸ ಗ2 ಮ1 ಪ ನಿ2, ಅದು ಶುದ್ಧ ಧನ್ಯಾಸಿಯ ಸ್ವರಗಳು. ಅದೇ ಐದು ಸ್ವರ, ಸಿ ಷಡ್ಜ ಆದರೆ ಮೋಹನ. ಡಿ ಷಡ್ಜ ಆದರೆ ಮಧ್ಯಮಾವತಿ. ಇ ಷಡ್ಜ ಆದರೆ ಹಿಂದೋಳ. ಜಿ ಷಡ್ಜ ಆದರೆ ಶುದ್ಧ ಸಾವೇರಿ. ಫೋನ್‌ನಲ್ಲಿ ತಂಬೂರ ಹಾಕಿ, ಶ್ರುತಿಯನ್ನು ಮೊದಲು ಎಗೆ ಇಟ್ಟು ನುಡಿಸಿ, ಆಮೇಲೆ ಸಿಗೆ ಇಟ್ಟು ಅದೇ ಬಾಕ್ಸ್ ನುಡಿಸಿ. ಬೆರಳು ಹೋಗುವ ಜಾಗ ಒಂದೂ ಬದಲಾಗಲ್ಲ, ಮನೆ ಬೇರೆಯಾಗುತ್ತೆ. ಯಾವ ಸ್ವರ ನಿಲ್ಲೋ ಸ್ವರ ಅನ್ನೋದು ಸಂಗೀತವನ್ನು ಎಷ್ಟು ಬದಲಿಸುತ್ತೆ ಅಂತ ಅವತ್ತು ಗೊತ್ತಾಗುತ್ತೆ. ಇದು ರಾಗ ಅಲ್ಲ, ಗಮಕ ಸಂಚಾರ ಇಲ್ಲದೆ ರಾಗ ಆಗಲ್ಲ, ಅದು ಬೇರೆ ಮಾತು. ಕಿವಿಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮತ್ತೆ ಹಾಡಿ. ಬಾಯಲ್ಲಿ ಹಾಡಿ, ಹಾಡಿದ್ದನ್ನೇ ನುಡಿಸಿ. ಕಂಠ ಹೇಗಿದ್ದರೂ ಪರವಾಗಿಲ್ಲ.

ಧಾರವಾಡ_ಮೀಂಡ್:

ಅಕ್ಕಾರು ಭಾಳ ಛಲೋ ಬರದೀರಿ. ನಿಮ್ಮ ಮೋಹನ ನಮ್ಮ ಕಡೆ ಭೂಪ್, ಹಿಂದೋಳ ಅಂದ್ರ ಮಾಲಕಂಸ, ಶುದ್ಧ ಸಾವೇರಿ ಅಂದ್ರ ದುರ್ಗಾ, ಶುದ್ಧ ಧನ್ಯಾಸಿ ಅಂದ್ರ ಧಾನಿ. ಇದಕ್ಕ ನಾವು ಮೂರ್ಛನಾ ಅಂತೀವಿ.

ನಾ ಸಿತಾರ ಕಲ್ತಾಂವ. ಆರುತಂತಿ ಅವರ, ನಿಮಗ ಒಂದ ಮಾತು. ಯಾವ ಸ್ವರ ಅನ್ನೂದರ ಬಗ್ಗೆ ಎಲ್ಲಾರೂ ಹೇಳಿದ್ರು, ಆ ಸ್ವರಕ್ಕ ಹ್ಯಾಂಗ ಹೋಗಬೇಕು ಅನ್ನೂದು ಯಾರೂ ಹೇಳಲಿಲ್ಲ. ಸಿತಾರದಾಗ ಒಂದ ಪರದಾದ (ಅಂದ್ರ ಫ್ರೆಟ್‌ದ) ಮ್ಯಾಲೆ ತಂತಿ ಎಳದು ನಾಕೈದು ಸ್ವರ ತಗೀತೀವಿ, ಅದು ಮೀಂಡ. ಗಿಟಾರದಾಗ ಬೆಂಡ್ ಅಂತಾರ. ಎಳೂದು ಸುಲಭ, ಸುರಕ್ಕ ಮುಟ್ಟೂದು ಕಠಿಣ. ಹಿಂಗ ಮಾಡ್ರಿ: 2ನೇ ತಂತಿ 10ನೇ ಫ್ರೆಟ್ ಬಾರಿಸ್ರಿ, ಅದು ಎ. ಅದನ್ನ ಕಿವಿಯೊಳಗ ಇಟ್ಕೋರಿ, ಒಮ್ಮೆ ಗುನುಗ್ರಿ. ಈಗ ಅದ ತಂತಿ 8ನೇ ಫ್ರೆಟ್ ಹಿಡದು, ಅದು ಜಿ, ಎ ತನಕಾ ಎಳೀರಿ. ಮುಟ್ಟಿತೇನು? ಮತ್ತ 10 ಬಾರಿಸಿ ಪರೀಕ್ಷಾ ಮಾಡ್ರಿ. ಕೆಳಗ ಉಳದ್ರ ಬೇಸುರ ಕೇಳ್ತದ, ಮ್ಯಾಲೆ ಹಾದ್ರೂ ಬೇಸುರನ. ಒಂದ ಬೆರಳಿಂದ ಎಳೀಬ್ಯಾಡ್ರಿ, ಉಂಗುರಬೆರಳು ಸ್ವರದ ಮ್ಯಾಲೆ, ಹಿಂದ ನಡುಬೆರಳು ತೋರುಬೆರಳು ಆಸರಿ ಕೊಡಬೇಕು. ಬೆರಳಿಗಿಂತ ಮಣಿಕಟ್ಟು ತಿರುಗಬೇಕು. ದಿನಾ ಹತ್ತ ಮಿನಿಟ ಇದೊಂದ.

ನಿಮ್ಮದು ಅಕೌಸ್ಟಿಕ್ ಅಂದ್ರಿ. ಅದರಾಗ 3ನೇ ತಂತಿಗೂ ಸುತ್ತು ತಂತಿ ಇರ್ತದ, ಎಲೆಕ್ಟ್ರಿಕ್‌ದಾಂಗ ಪೂರಾ ಎಳ್ಯಾಕ ಬರಂಗಿಲ್ಲ. ಅದರ ಮ್ಯಾಲೆ ಸ್ಲೈಡ್ ಮಾಡ್ರಿ, ಬೆಂಡ್ ಒಂದನೇ ಎರಡನೇ ತಂತಿಗೆ ಇಟ್ಕೋರಿ.

ವೀಣಾಭ್ಯಾಸಿ:

ಮೀಂಡ್ ಮಾತು ಬಂದದ್ದಕ್ಕೆ ನೆನಪಾಯಿತು. 1970ರ ದಶಕದಲ್ಲಿ ಭಾರತೀಯ ಸಂಗೀತ, ಜಾಝ್ ಬೆರೆಸಿದ ಶಕ್ತಿ ತಂಡದಲ್ಲಿ ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ನುಡಿಸುತ್ತಿದ್ದ ಗಿಟಾರ್‌ನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೊರೆದು ತಗ್ಗು ಮಾಡಿಸಿದ್ದರು, ಅಡ್ಡಲಾಗಿ ಅನುರಣನದ ತಂತಿಗಳೂ ಇದ್ದವು. ಬೆರಳಿಗೆ ಮರ ತಾಗದೆ ಇದ್ದರೆ ತಂತಿಯನ್ನು ಬೇಕಾದಷ್ಟು ಎಳೆಯಬಹುದು, ಒತ್ತಬಹುದು. ಅವರು ಕರ್ನಾಟಕ ಸಂಗೀತ ವಿದ್ವಾಂಸ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತವರು. ವೀಣೆಯ ಮೆಟ್ಟಿಲುಗಳ ಮಧ್ಯೆ ತಂತಿ ಹೇಗೆ ಬಾಗುತ್ತೆ ಅಂತ ಕೈಯಲ್ಲಿ ಅನುಭವಿಸಿದವರಿಗೆ ಗಿಟಾರ್‌ನ ಚಪ್ಪಟೆ ಮರ ಅಡ್ಡಿ ಅನ್ನಿಸೋದು ಸಹಜ. ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು.

ಸಿಯಾಟಲ್_ಕನ್ನಡಿಗ:

ಕ್ಷಮಿಸಿ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದೊಂದೇ ಸ್ವರ ನುಡಿಸ್ತಾ ಕೂತರೆ ವರ್ಷಗಟ್ಟಲೆ ಅಲ್ಲೇ ಇರ್ತೀರ. ನಾನು ಏಳೂ ಮೋಡ್‌ಗಳನ್ನು (ಒಂದೇ ಮೇಜರ್ ಸ್ಕೇಲನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡೋದು) ಒಂದು ತಂತಿಗೆ ಮೂರು ಸ್ವರದ ಪ್ಯಾಟರ್ನ್‌ನಲ್ಲಿ ಕಲಿತೆ, ಕೇಜ್ಡ್ ಪದ್ಧತಿಯ ಐದೂ ಆಕಾರ ಕಲಿತೆ. ಒಂದೂವರೆ ವರ್ಷ ಹಿಡೀತು. ಈಗ ಫ್ರೆಟ್‌ಬೋರ್ಡ್ ಮೇಲೆ ಕತ್ತಲ ಜಾಗ ಅಂತ ಒಂದೂ ಇಲ್ಲ. ಭೂಪಟ ಪೂರ್ತಿ ಇಲ್ಲದೆ ಪ್ರಯಾಣ ಹೇಗೆ?

ಬಸವನಗುಡಿ_ಬ್ಲೂಸ್:

ನಿಮ್ಮ ಶ್ರಮದ ಬಗ್ಗೆ ಗೌರವ ಇದೆ, ಕೇಜ್ಡ್ ಬಹಳ ಉಪಯೋಗದ್ದು. ನಾನೂ ಕಲಿಸ್ತೀನಿ. ನಾವು ದಿನಾ ಹಿಡಿಯೋ ಸಿ, ಎ, ಜಿ, ಇ, ಡಿ ಕಾರ್ಡ್‌ಗಳ ಆಕಾರವನ್ನೇ ಮೇಲಕ್ಕೆ ಸರಿಸ್ತಾ ಹೋಗೋದು ಅದು. ಹಾಗಾಗಿ ಬಾಕ್ಸ್ ಒಳಗೆ ಕಾರ್ಡ್ ಎಲ್ಲಿ ಕೂತಿದೆ ಅಂತ ಕಣ್ಣಿಗೆ ಕಾಣಿಸುತ್ತೆ. ನನ್ನ ವಿರೋಧ ಇರೋದು ಒಂದಕ್ಕೇ. ನನ್ನ ಹತ್ತಿರ ಬರೋ ಹುಡುಗರಲ್ಲಿ ಮೋಡ್‌ಗಳ ಹೆಸರು ಗೊತ್ತಿದ್ದೂ ಎರಡು ಬಾರ್ ಸುಮ್ಮನಿರೋಕೆ ಬಾರದವರು ತುಂಬ ಇದ್ದಾರೆ. ಅವರಿಗೆ ಇನ್ನೊಂದು ನಕ್ಷೆ ಕೊಟ್ಟು ಪ್ರಯೋಜನ ಇಲ್ಲ.

ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ. ಬಿ. ಕಿಂಗ್ (1925–2015) ನುಡಿಸಿದ್ದು ಕೇಳಿ. ಒಂದು ಸಾಲು ಹಾಡ್ತಾರೆ, ಆಮೇಲೆ ಗಿಟಾರ್ ಉತ್ತರ ಕೊಡುತ್ತೆ. ಹಾಡುವಾಗ ಗಿಟಾರ್ ಸುಮ್ಮನಿರುತ್ತೆ, ಗಿಟಾರ್ ಮಾತಾಡುವಾಗ ಅವರು ಸುಮ್ಮನಿರ್ತಾರೆ. ಗಿಟಾರ್ ವಾದಕರು ಅವರ ಹೆಸರಲ್ಲೇ ಕರೆಯೋ ಒಂದು ಪುಟ್ಟ ಬಾಕ್ಸ್ ಇದೆ. ಎ ಶ್ರುತಿಯಲ್ಲಿ 2ನೇ ತಂತಿ 10ನೇ ಫ್ರೆಟ್‌ನ ಎ ನಡುವಿನಲ್ಲಿ, ಅದರ ಸುತ್ತ 3ನೇ ತಂತಿ 11, 2ನೇ ತಂತಿ 12, 1ನೇ ತಂತಿ 10. ಇಷ್ಟೇ. 12ರ ಬಿ ಯನ್ನು ಎಳೆದು ಸಿ ಶಾರ್ಪ್ ಮುಟ್ಟಿಸ್ತಾರೆ. ಅಂಗೈಯಗಲದ ಜಾಗ, ಅಲ್ಲಿ ಅವರು ಒಂದು ಇಡೀ ಸೋಲೋ ಕಟ್ಟುತ್ತಾರೆ.

ಸಿಯಾಟಲ್_ಕನ್ನಡಿಗ:

ಸುಮ್ಮನಿರೋದರ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ನಿನ್ನೆ ರಾತ್ರಿ ನನ್ನದೇ ಹಳೆ ರೆಕಾರ್ಡಿಂಗ್ ಹಾಕಿ ಕೇಳಿದೆ. ಮೂರು ನಿಮಿಷದಲ್ಲಿ ಎಲ್ಲೂ ಉಸಿರಾಡಲು ಜಾಗ ಬಿಟ್ಟಿಲ್ಲ. ಆದರೂ ನಕ್ಷೆ ಕಲಿತದ್ದಕ್ಕೆ ನನಗೆ ವಿಷಾದ ಇಲ್ಲ. ಈಗ ಎರಡು ಬಾರ್ ನುಡಿಸಿ ಎರಡು ಬಾರ್ ಬಿಡೋ ಅಭ್ಯಾಸ ಶುರು ಮಾಡ್ತೀನಿ.

ಕೊಡಿಯಾಲ್_ಕಾಯರ್:

ಬಸವನಗುಡಿಯವರೇ, ಬ್ಲೂಸ್ ಬಗ್ಗೆ ಒಂದು ಪ್ರಶ್ನೆ ಉಂಟು. ಅದರ 12 ಬಾರ್‌ನ ಸುತ್ತಿನಲ್ಲಿ ಕಾರ್ಡ್ ಎಲ್ಲ ಎ7, ಡಿ7, ಇ7. ಎ7ನಲ್ಲಿ ಸಿ ಶಾರ್ಪ್ ಉಂಟು, ಮೈನರ್ ಪೆಂಟಟಾನಿಕ್‌ನಲ್ಲಿ ಬರೀ ಸಿ. ಕಾಗದದಲ್ಲಿ ಬರೆದರೆ ಅದು ತಪ್ಪು ಆಗಬೇಕು. ಕೇಳುವಾಗ ಮಾತ್ರ ಚಂದ. ಯಾಕೆ?

ಬಸವನಗುಡಿ_ಬ್ಲೂಸ್:

ಬ್ಲೂಸ್ ಅಂದ್ರೇ ಆ ಜಗಳ. ಆಫ್ರಿಕನ್ ಅಮೆರಿಕನ್ ಜನ ಹಾಡಿ ಬೆಳೆಸಿದ ಸಂಗೀತ ಅದು. ಅವರ ಹಾಡಿನಲ್ಲಿ ಆ ಗಾಂಧಾರ ಸಿ ಅಲ್ಲ, ಸಿ ಶಾರ್ಪೂ ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತೆ. ಪಿಯಾನೊದಲ್ಲಿ ಆ ಸ್ವರಕ್ಕೆ ಕೀಲಿಯೇ ಇಲ್ಲ. ಗಿಟಾರ್‌ನಲ್ಲಿ 3ನೇ ತಂತಿ 5ನೇ ಫ್ರೆಟ್ ಹಿಡಿದು, ಪೂರ್ತಿ ಎಳೆಯದೆ, ಬೆರಳನ್ನು ಕೊಂಚ ಕೆಳಕ್ಕೆ ಒತ್ತಿ. ಕಾಲು ಸ್ವರ ಮಾತ್ರ. ಇಷ್ಟಕ್ಕೆ ಅಕೌಸ್ಟಿಕ್‌ನ ಸುತ್ತು ತಂತಿಯೂ ಬಗ್ಗುತ್ತೆ. ಅಲ್ಲಿದೆ ಅದು.

12 ಬಾರ್ ಲೆಕ್ಕ ಎಲ್ಲರಿಗೂ ಗೊತ್ತಿರಲಿ ಅಂತ ಬರೀತೀನಿ: ಎ7 ನಾಲ್ಕು ಬಾರ್, ಡಿ7 ಎರಡು, ಎ7 ಎರಡು, ಇ7 ಒಂದು, ಡಿ7 ಒಂದು, ಕೊನೇಲಿ ಎ7 ಎರಡು. ಕೊನೇ ಬಾರ್‌ನಲ್ಲಿ ಇ7 ಹಾಕಿ ಮತ್ತೆ ತಿರುಗಿಸೋದೂ ಇದೆ.

ಇದಕ್ಕೆ ಮೊದಲನೇ ಬಾಕ್ಸ್ ಬಿಟ್ಟು ಎಲ್ಲೂ ಹೋಗಬೇಕಿಲ್ಲ, ಮೂರು ಸ್ವರ ಸೇರಿಸಿ ಸಾಕು. ಎ7 ಮೇಲೆ 3ನೇ ತಂತಿ 5ರಿಂದ 6ಕ್ಕೆ ಹ್ಯಾಮರ್ ಮಾಡಿ (ಮತ್ತೆ ಮೀಟದೆ ಬೆರಳನ್ನೇ ಬಡಿದು), ಸಿ ಶಾರ್ಪ್ ಸಿಕ್ತು. ಡಿ7 ಬಂದಾಗ 2ನೇ ತಂತಿ 7, ಅದು ಎಫ್ ಶಾರ್ಪ್. ಇ7 ಬಂದಾಗ 4ನೇ ತಂತಿ 6, ಅದು ಜಿ ಶಾರ್ಪ್. ಮೂರೂ ನಿಮ್ಮ ಬಾಕ್ಸ್‌ನ ಎರಡು ಸ್ವರಗಳ ಮಧ್ಯದ ಖಾಲಿ ಫ್ರೆಟ್‌ನಲ್ಲಿ ಅಥವಾ ಒಂದೇ ಹೆಜ್ಜೆ ಪಕ್ಕದಲ್ಲಿ ಇವೆ. ಐದನೇ ಬಾರ್‌ನಲ್ಲಿ ಡಿ7ಗೆ ಸರಿಯಾಗಿ ಆ ಎಫ್ ಶಾರ್ಪ್ ಮೇಲೆ ಇಳಿದು ನೋಡಿ, ಜೊತೆಗಿರೋ ಕಾರ್ಡ್ ನಿಲ್ಲಿಸಿದರೂ ಕೇಳೋರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತೆ.

ಆರುತಂತಿ:

ಇದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಕೊಂಡಿದ್ದೀನಿ. ಇನ್ನೊಂದು ಕೇಳ್ಲಾ? ಬಾಕ್ಸ್‌ಗಳು ನನಗೆ ಐದು ಬೇರೆ ಬೇರೆ ಕೋಣೆ ಥರ ಇವೆ. ಒಂದರಿಂದ ಇನ್ನೊಂದಕ್ಕೆ ಹೋಗೋವಾಗ ಕೈ ತಡವರಿಸುತ್ತೆ. ಬಾಗಿಲು ಎಲ್ಲಿ?

ಬಸವನಗುಡಿ_ಬ್ಲೂಸ್:

ಎರಡು ದಾರಿ. ಮೊದಲನೇದು, ಒಂದೇ ತಂತಿ. 2ನೇ ತಂತಿ ಮಾತ್ರ ಹಿಡಿದು ಸಿ 1, ಡಿ 3, ಇ 5, ಜಿ 8, ಎ 10, ಸಿ 13, ಡಿ 15. ಅರ್ಧ ಗಂಟೆ ಅಷ್ಟರಲ್ಲೇ ರಾಗ ಕಟ್ಟಿ. ಬಾಕ್ಸ್ ಅನ್ನೋದೇ ಮರೆತುಹೋಗುತ್ತೆ.

ಎರಡನೇದು ಓರೆ ದಾರಿ, ನನಗೆ ಬಲು ಇಷ್ಟ. 6ನೇ ತಂತಿ 3, 5. ಐದನೇ ತಂತಿ 3, 5, 7. ಈ ಐದು ಸ್ವರ ಜಿ, ಎ, ಸಿ, ಡಿ, ಇ. ಈಗ ಇದೇ ಆಕಾರ ಎರಡು ಫ್ರೆಟ್ ಮೇಲೆ: 4ನೇ ತಂತಿ 5, 7, ಮೂರನೇ ತಂತಿ 5, 7, 9. ಮತ್ತೆ ಇದೇ ಆಕಾರ, ಈ ಸಲ ಮೂರು ಫ್ರೆಟ್ ಮೇಲೆ: 2ನೇ ತಂತಿ 8, 10, ಒಂದನೇ ತಂತಿ 8, 10, 12. ಎರಡು ಸ್ವರ, ಮೂರು ಸ್ವರ, ಒಂದೇ ಆಕಾರ ಮೂರು ಸಲ. ಮೂರನೇ ಸಲ ಒಂದು ಫ್ರೆಟ್ ಹೆಚ್ಚು ಯಾಕೆ ಅಂದ್ರೆ, ಉಳಿದ ತಂತಿಗಳ ನಡುವೆ ಐದು ಫ್ರೆಟ್ ಅಂತರ, ಜಿ ತಂತಿಗೂ ಬಿ ತಂತಿಗೂ ಮಾತ್ರ ನಾಲ್ಕು. ಶ್ರುತಿ ಮಾಡುವಾಗ ಆ ಒಂದು ತಂತಿಗೆ 4ನೇ ಫ್ರೆಟ್ ಹಿಡೀತೀರಲ್ಲ, ಅದೇ ಕಾರಣ.

ಧಾರವಾಡ_ಮೀಂಡ್:

ಓರೆ ದಾರಿ ನಾನೂ ಇವತ್ತ ಮಾಡಿ ನೋಡಿದೆ. ಮೂರ ಸಪ್ತಕ ಒಂದ ಉಸರಿನಾಗ ಆತು. ಭಾಳ ಉಪಕಾರ ಆತ್ರಿ.

ಆರುತಂತಿ:

ಆರು ವಾರ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ.

ಮೊದಲನೇ ವಾರ ಬಾರ್‌ಗೆ ಒಂದು ಸ್ವರ, ಅಷ್ಟೇ. ನಾಲ್ಕನೇ ದಿನ ಬಿಟ್ಟುಬಿಡೋಣ ಅನ್ನಿಸಿತ್ತು, ಬಿಡಲಿಲ್ಲ. ಎರಡನೇ ವಾರ ಎರಡು ಬಾರ್ ನುಡಿಸೋದು, ಎರಡು ಬಾರ್ ಬಿಡೋದು. ಬಿಡೋದೇ ಕಷ್ಟ ಆಯ್ತು, ಬಲಗೈ ತಾನಾಗೇ ತಂತಿ ಮೇಲೆ ಹೋಗ್ತಿತ್ತು, ಕೊನೆಗೆ ಕೈಯನ್ನು ತೊಡೆ ಮೇಲೆ ಇಟ್ಕೊಂಡು ಅಭ್ಯಾಸ ಮಾಡ್ದೆ. ಆಮೇಲೆ ವೀಣಾಭ್ಯಾಸಿ ಅವರು ಹೇಳಿದ ಹಾಗೆ ಹಾಡೋಕೆ ಶುರು ಮಾಡ್ದೆ. ಆಫೀಸಿನಿಂದ ಬರೋವಾಗ ಬೈಕ್ ಮೇಲೆ ಹೆಲ್ಮೆಟ್ ಒಳಗೆ ಹಾಡೋದು, ಮನೆಗೆ ಬಂದು ಅದನ್ನೇ ಗಿಟಾರ್‌ನಲ್ಲಿ ಹುಡುಕೋದು. ಒಂದು ವಿಷಯ ಗಮನಿಸಿದೆ: ಹಾಡಿದಾಗ ನಾನು ಒಂದು ಸಲವೂ ಸ್ಕೇಲ್ ಕೆಳಗಿನಿಂದ ಮೇಲಕ್ಕೆ ಹಾಡಿಲ್ಲ. ಎರಡು ಮೂರು ಸ್ವರ, ನಿಲ್ಲೋದು, ಮತ್ತೆ ಅದನ್ನೇ ಸ್ವಲ್ಪ ತಿರುಗಿಸಿ ಹೇಳೋದು. ಅದು ನನ್ನೊಳಗೇ ಇತ್ತು, ಕೈಗೆ ಬಂದಿರಲಿಲ್ಲ.

ಹೋದ ಭಾನುವಾರ ಅದೇ ಟೆರೇಸ್, ಅದೇ ನಾಲ್ಕು ಕಾರ್ಡ್. ನನ್ನ ಸರದಿ ಬಂದಾಗ ಮೊದಲ ಬಾರ್ ಪೂರ್ತಿ ಸುಮ್ಮನಿದ್ದೆ. ಎಫ್ ಬಂದಾಗ ಸಿ ಹಿಡಿದೆ, ಸಿ ಕಾರ್ಡ್‌ಗೂ ಅಲ್ಲೇ ಇದ್ದೆ, ಜಿ ಬಂದಾಗ 4ನೇ ಫ್ರೆಟ್‌ಗೆ ಇಳಿದೆ. ಕಾರ್ಡ್ ನುಡಿಸ್ತಿದ್ದ ಗೆಳೆಯ ತಲೆ ಎತ್ತಿ ನನ್ನ ಕಡೆ ನೋಡಿದ. ಆಮೇಲೆ ಎರಡು ಸುತ್ತು ಏನು ನುಡಿಸಿದೆ ಅಂತ ಪೂರ್ತಿ ನೆನಪಿಲ್ಲ. ಒಂದು ಬೆಂಡ್ ಬೇಸುರ ಆಯ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ.

ಈಗ ಹೊಸ ಪ್ರಶ್ನೆ. ಅವನು ಒಂದು ಸುತ್ತಿನಲ್ಲಿ ಜಿ ಬದಲು ಇ ಮೇಜರ್ ಹಾಕಿದ. ಅಲ್ಲಿ ನನ್ನ ಜಿ ಸ್ವರ ಚುಚ್ಚಿದ ಹಾಗಾಯ್ತು, ಬಿ ಮಾತ್ರ ಸರಿಹೋಯ್ತು. ಅಲ್ಲಿ ಏನು ಮಾಡೋದು?

ವೀಣಾಭ್ಯಾಸಿ:

ತುಂಬಾ ಸಂತೋಷ ಆಯಿತು ಓದಿ! ಇ ಮೇಜರ್‌ನಲ್ಲಿ ಇರೋದು ಇ, ಜಿ ಶಾರ್ಪ್, ಬಿ. ಎ ಷಡ್ಜ ಆದರೆ ಜಿ ಕೈಶಿಕಿ ನಿಷಾದ, ಜಿ ಶಾರ್ಪ್ ಕಾಕಲಿ ನಿಷಾದ. ಆ ಒಂದು ಕಾರ್ಡ್ ಬಂದಾಗ ಮಾತ್ರ ನಿಷಾದ ಬದಲಾಯಿಸಿ, 4ನೇ ತಂತಿ 6ನೇ ಫ್ರೆಟ್. ಅಲ್ಲಿಂದ 7ನೇ ಫ್ರೆಟ್‌ನ ಷಡ್ಜಕ್ಕೆ ಹತ್ತಿ, ಆ ಹೊತ್ತಿಗೆ ಎ ಮೈನರ್ ವಾಪಸ್ ಬಂದಿರುತ್ತೆ. ಆ ನಿಷಾದ ಇಟ್ಟುಕೊಂಡು ಬಿ, ಎಫ್ ಕೂಡ ಸೇರಿಸಿದರೆ ನಿಮ್ಮ ಕೈಯಲ್ಲಿ ಕೀರವಾಣಿಯ ಏಳೂ ಸ್ವರ ಇರುತ್ತವೆ. ಮೊದಲು ಬಾಯಲ್ಲಿ ಹಾಡಿ.

ಬಸವನಗುಡಿ_ಬ್ಲೂಸ್:

ಆ ಕಾರ್ಡ್‌ಗಳನ್ನು ಹೊಸದಾಗಿ ರೆಕಾರ್ಡ್ ಮಾಡ್ಕೊಳ್ಳಿ, ಎ ಮೈನರ್, ಎಫ್, ಸಿ, ಇ. ಮತ್ತೆ ಬಾರ್‌ಗೆ ಒಂದು ಸ್ವರದಿಂದ ಶುರು. ಭಾನುವಾರ ನುಡಿಸಿದ್ದರ ರೆಕಾರ್ಡಿಂಗ್ ಇದ್ದರೆ ಇಲ್ಲಿ ಹಾಕಿ, ಆ ಬೇಸುರ ಬೆಂಡ್ ಸಮೇತ.